ನಮ್ಮ ನಡುವಿನ ರಕ್ತದಾನಿಗಳು: ಯಾಕೆ ಕೊಡ್ತೀರಿ? ನಿಮ್ಮ ಮಾತಲ್ಲೇ ಬರೆಯಿರಿ

ಸಂಜೆಮಲ್ಲಿಗೆ ಬರೆದಿದ್ದು:

ಎಲ್ಲರಿಗೂ ನಮಸ್ಕಾರ. ಜೂನ್ 14 ವಿಶ್ವ ರಕ್ತದಾನಿಗಳ ದಿನ. ರಕ್ತದ ಗುಂಪುಗಳನ್ನು ಗುರುತಿಸಿದ ಕಾರ್ಲ್ ಲ್ಯಾಂಡ್‌ಸ್ಟೈನರ್ 1868ರಲ್ಲಿ ಹುಟ್ಟಿದ್ದು ಅದೇ ದಿನ. 2004ರಿಂದ ಬೇರೆ ಬೇರೆ ದೇಶಗಳಲ್ಲಿ ಇದನ್ನು ಆಚರಿಸುತ್ತಾ ಬಂದಿದ್ದಾರೆ. ಈ ಸಲ ನಮ್ಮ ಸುತ್ತಮುತ್ತಲಿನ ದಾನಿಗಳ ಬಗ್ಗೆ ಒಂದು ಪುಟ್ಟ ಪುಸ್ತಿಕೆ ಮಾಡೋಣ ಅಂತ ಕೆಲವರು ಸೇರಿ ಮಾತಾಡಿದ್ದೇವೆ. ಅದಕ್ಕೆ ನಿಮ್ಮ ಅನುಭವ ಬೇಕು.

ನಾನು ಬಹಳ ಕಾಲದಿಂದ ರಕ್ತನಿಧಿಯೊಂದರ ಪರವಾಗಿ ದಾನಿಗಳಿಗೆ ಫೋನ್ ಮಾಡುವ ಕೆಲಸ ಮಾಡುತ್ತಿದ್ದೇನೆ. ಸಂಬಳದ ಕೆಲಸ ಅಲ್ಲ, ಸ್ವಯಂಸೇವೆ. ಈ ಕೆಲಸದಲ್ಲಿ ನನಗೆ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತದೆ. ರಕ್ತದಾನದ ಬಗ್ಗೆ ಬರೆಯುವಾಗ ನಾವೆಲ್ಲ ಒಂದೇ ಕಥೆ ಬರೀತೀವಿ. ಮಧ್ಯರಾತ್ರಿ, ಅಪಘಾತ, ಅಪರೂಪದ ಗ್ರೂಪ್, ಯಾರೋ ಓಡಿ ಬಂದರು, ಜೀವ ಉಳಿಯಿತು. ಅಂಥವರಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಹೆಚ್ಚಿನ ರಕ್ತ ಬರುವುದು ಹಾಗಲ್ಲ. ಯಾವುದೋ ಒಂದು ಸಾಮಾನ್ಯ ದಿನ, ಯಾರೂ ಕಾಯದೆ ಇದ್ದಾಗ, ಒಬ್ಬರು ಬಂದು ಫಾರ್ಮ್ ತುಂಬಿ, ಕೊಟ್ಟು, ಹೋಗಿಬಿಡುತ್ತಾರೆ. ಮೂರ್ನಾಲ್ಕು ತಿಂಗಳಾದ ಮೇಲೆ ಮತ್ತೆ ಬರುತ್ತಾರೆ. ಅವರ ಬಗ್ಗೆ ಯಾರೂ ಬರೆಯುವುದಿಲ್ಲ, ಯಾಕಂದ್ರೆ ಅಲ್ಲಿ ಕಥೆ ಇಲ್ಲ. ಅವರೇ ಬರೆಯಲಿ ಅಂತ ಈ ಎಳೆ ತೆರೆದಿದ್ದೇನೆ.

ಮೊದಲ ಸಲ ಯಾಕೆ ಕೊಟ್ಟಿರಿ? ಅದಕ್ಕಿಂತ ಮುಖ್ಯವಾಗಿ, ಎರಡನೇ ಸಲ ಯಾಕೆ ಹೋದಿರಿ?

ನಿವೃತ್ತ ಮೇಷ್ಟ್ರು ಬರೆದಿದ್ದು:

ಒಳ್ಳೆಯ ಕೆಲಸ ಅಮ್ಮ. ಆದರೆ ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ತುರ್ತು ಕರೆಯ ಕಥೆಗಳನ್ನು ಪಕ್ಕಕ್ಕೆ ಇಡಬೇಡಿ. ನಾನು ಮೊದಲ ಸಲ ಕೊಟ್ಟಿದ್ದು ಸಹೋದ್ಯೋಗಿಯ ಹೆಂಡತಿಗೆ ಹೆರಿಗೆಯಲ್ಲಿ ವಿಪರೀತ ರಕ್ತ ಹೋದಾಗ. ಆ ದಿನ ಯಾರಾದರೂ ನನ್ನ ಕೈ ಹಿಡಿದು ಕರೆದುಕೊಂಡು ಹೋಗದಿದ್ದರೆ ನಾನು ಜೀವಮಾನದಲ್ಲಿ ರಕ್ತನಿಧಿಯ ಬಾಗಿಲು ನೋಡುತ್ತಿರಲಿಲ್ಲ. ಸುಮಾರು ಜನ ಒಳಗೆ ಬರುವುದೇ ಆ ಬಾಗಿಲಿನಿಂದ.

ಎರಡನೇ ಸಲದ ಪ್ರಶ್ನೆಗೆ ಉತ್ತರ: ಅಲ್ಲಿದ್ದ ನರ್ಸ್ ಒಬ್ಬರು ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದು, "ಮುಂದಿನ ಸಲ ಯಾರೂ ಕರೆಯುವ ಮೊದಲೇ ಬನ್ನಿ ಸರ್" ಅಂದರು. ಅಷ್ಟೇ. ಯಾಕೆ ಅಂತ ಅವರು ವಿವರಿಸಲಿಲ್ಲ. ಆದರೆ ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಈಗ ವಯಸ್ಸಿನ ಮಿತಿ ದಾಟಿದೆ, ಕೊಡುವ ಹಾಗಿಲ್ಲ. ಹಳೆಯ ವಿದ್ಯಾರ್ಥಿಗಳು ಸಿಕ್ಕಾಗೆಲ್ಲ ಅದೇ ಮಾತನ್ನು ಅವರಿಗೆ ಹೇಳುತ್ತೇನೆ.

ಸಂಜೆಮಲ್ಲಿಗೆ:

ಮೇಷ್ಟ್ರೇ, ನಿಮ್ಮ ಮಾತು ಸರಿ. ಮೊದಲ ಸಲಕ್ಕೆ ಯಾರೋ ಪರಿಚಯದವರ ಕಷ್ಟ ಬೇಕಾಗುತ್ತದೆ, ಅದು ಸಹಜ. ಪುಸ್ತಿಕೆಯಲ್ಲಿ ಅದೂ ಇರಲಿ. ಆ ನರ್ಸ್ ಹೇಳಿದ ಮಾತನ್ನು ಮಾತ್ರ ನಾನು ಮೊದಲ ಪುಟದಲ್ಲೇ ಹಾಕುತ್ತೇನೆ.

ಬ್ಲಡ್‌ಬ್ಯಾಂಕ್ ಟೆಕ್ನಿಷಿಯನ್ ಬರೆದಿದ್ದು:

ಆ ನರ್ಸ್ ವಿವರಿಸದೆ ಬಿಟ್ಟಿದ್ದನ್ನು ನಾನು ಹೇಳುತ್ತೇನೆ, ಯಾಕಂದ್ರೆ ದಿನಾ ಅದರ ಜೊತೆಗೇ ನನ್ನ ಕೆಲಸ.

ನೀವು ಕೊಟ್ಟ ರಕ್ತ ನೇರ ರೋಗಿಯ ಹಾಸಿಗೆಗೆ ಹೋಗುವುದಿಲ್ಲ. ಮೊದಲು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಪರೀಕ್ಷೆ ಆಗಬೇಕು. ಗ್ರೂಪ್ ಖಚಿತ ಮಾಡಬೇಕು. ಬ್ಯಾಗನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಕೆಂಪು ಕಣ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಪುಟ್ಟ ಕಣ), ಪ್ಲಾಸ್ಮಾ (ರಕ್ತದ ನೀರಿನ ಭಾಗ) ಅಂತ ಬೇರೆ ಮಾಡಬೇಕು. ರೋಗಿಯ ರಕ್ತದ ಜೊತೆ ಕ್ರಾಸ್ ಮ್ಯಾಚ್ ಮಾಡಬೇಕು, ಅಂದರೆ ಎರಡೂ ಹೊಂದುತ್ತವಾ ಅಂತ ನೋಡಬೇಕು. ಇಷ್ಟಕ್ಕೂ ಗಂಟೆಗಟ್ಟಲೆ ಬೇಕು. ಆಪರೇಷನ್ ಥಿಯೇಟರ್‌ನಲ್ಲಿ ರಕ್ತ ಸುರಿಯುತ್ತಿರುವ ಮನುಷ್ಯನಿಗೆ ಅಷ್ಟು ಹೊತ್ತು ಇರುವುದಿಲ್ಲ. ಆ ಕ್ಷಣಕ್ಕೆ ಅವನನ್ನು ಉಳಿಸುವುದು ಫ್ರಿಜ್‌ನಲ್ಲಿ ಆಗಲೇ ಇರುವ ರಕ್ತ. ಅಂದರೆ ಹೋದ ವಾರವೋ ಅದರ ಹಿಂದಿನ ವಾರವೋ ಸುಮ್ನೆ ಬಂದು ಕೊಟ್ಟು ಹೋದವರು.

ಇನ್ನೊಂದು ಕಡೆ ನೋಡಿ. ಕೆಂಪು ಕಣಗಳನ್ನು 2ರಿಂದ 6 ಡಿಗ್ರಿಯಲ್ಲಿ ಇಟ್ಟರೆ 35ರಿಂದ 42 ದಿನ ಬರುತ್ತವೆ. ಪ್ಲೇಟ್‌ಲೆಟ್ ಫ್ರಿಜ್‌ನಲ್ಲಿ ಇಡುವ ಹಾಗಿಲ್ಲ. 20ರಿಂದ 24 ಡಿಗ್ರಿಯಲ್ಲಿ, ಸದಾ ಅಲುಗಾಡಿಸುತ್ತಾ ಇಡಬೇಕು, ಸಾಮಾನ್ಯವಾಗಿ 5 ದಿನ ಮಾತ್ರ ಬರುತ್ತದೆ. ಪ್ಲಾಸ್ಮಾ ಹೆಪ್ಪುಗಟ್ಟಿಸಿದರೆ ಒಂದು ವರ್ಷದವರೆಗೆ ಇಡಬಹುದು. ಹಾಗಾಗಿ ಒಂದೇ ದಿನ ಸಾವಿರ ಜನ ಬಂದು, ಆಮೇಲೆ ಮೂರು ತಿಂಗಳು ಯಾರೂ ಬರದಿದ್ದರೆ ನಮಗೆ ಕಷ್ಟ.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದಲ್ಲಿ ಇದೇ ಆಯಿತು. ಲಕ್ಷಾಂತರ ಜನ ಸಾಲು ನಿಂತು ರಕ್ತ ಕೊಟ್ಟರು. ಗಾಯಾಳುಗಳಿಗೆ ಬೇಕಾಗಿದ್ದು ಕೆಲವು ನೂರು ಯೂನಿಟ್ ಮಾತ್ರ. ಸಾಕಷ್ಟು ರಕ್ತ ಅವಧಿ ಮೀರಿ ಎಸೆಯಬೇಕಾಯಿತು. ಆ ಜನರ ಮನಸ್ಸಿನಲ್ಲಿ ತಪ್ಪಿರಲಿಲ್ಲ. ಅವರಲ್ಲಿ ಒಂದು ಪಾಲು ಜನ ಆರು ತಿಂಗಳು ಬಿಟ್ಟು ಬಂದಿದ್ದರೂ ಅದು ಎಷ್ಟು ಉಪಯೋಗಕ್ಕೆ ಬರುತ್ತಿತ್ತು ಅಂತ ನಮ್ಮಂಥವರು ಯೋಚಿಸುತ್ತೇವೆ.

ಮೂರನೇ ಬೆಂಚು:

ಎಷ್ಟೋ ಸಲ ರಕ್ತ ಕೊಟ್ಟಿದ್ದೇನೆ, ಈ ಲೆಕ್ಕ ಗೊತ್ತೇ ಇರಲಿಲ್ಲ. ಧನ್ಯವಾದ ಸರ್.

ನನ್ನ ಕಾರಣ ಹೇಳುವುದಕ್ಕೆ ದೊಡ್ಡದೇನೂ ಅಲ್ಲ. ಕಾಲೇಜಿನಲ್ಲಿ ಕ್ಯಾಂಪ್ ಹಾಕಿದ್ದರು, ಗೆಳೆಯರೆಲ್ಲ ಹೋದರು, ನಾನೂ ಹೋದೆ. ಆಮೇಲೆ ಅದೇ ಗೆಳೆಯರು ವರ್ಷಕ್ಕೆರಡು ಸಲ ಸೇರುವ ನೆಪ ಆಯಿತು. ಈಗ ಎಲ್ಲರಿಗೂ ಕೆಲಸ, ಸಂಸಾರ. ಬೇರೆ ಯಾವುದಕ್ಕೂ ಸೇರುವುದಕ್ಕೆ ಆಗಲ್ಲ, ಇದಕ್ಕೆ ಮಾತ್ರ ಬಂದೇ ಬರುತ್ತಾರೆ. ಒಬ್ಬ ತಪ್ಪಿಸಿದರೆ ಉಳಿದವರು ಫೋನ್ ಮಾಡಿ ಕೇಳ್ತಾರೆ. ಸೇವೆ ಅನ್ನೋ ದೊಡ್ಡ ಮಾತು ನಮ್ಮ ಮಧ್ಯೆ ಯಾವತ್ತೂ ಬಂದಿಲ್ಲ. ಇಂಥ ಕಾರಣ ಪುಸ್ತಿಕೆಗೆ ಆಗುತ್ತಾ ಅಕ್ಕ?

ಸಂಜೆಮಲ್ಲಿಗೆ:

ಖಂಡಿತ ಆಗುತ್ತೆ ತಮ್ಮ. ನನಗೆ ಬೇಕಾಗಿದ್ದೇ ಇಂಥವು. ಗೆಳೆತನಕ್ಕೆ ಬಂದು ಕೊಟ್ಟ ರಕ್ತಕ್ಕೂ ಕರುಣೆಯಿಂದ ಕೊಟ್ಟ ರಕ್ತಕ್ಕೂ ರೋಗಿಯ ಮೈಯಲ್ಲಿ ವ್ಯತ್ಯಾಸ ಏನೂ ಇಲ್ಲ ಅಲ್ವಾ. ನಿಮ್ಮ ಇಡೀ ತಂಡದ ಬಗ್ಗೆ ಬರೆದು ಕಳಿಸಿ.

ತಾಯಿ ಒಬ್ಬಳು ಬರೆದಿದ್ದು:

ನಾನು ದಾನಿ ಅಲ್ಲ. ತೆಗೆದುಕೊಳ್ಳುವವರ ಕಡೆಯವಳು. ಬರೆಯಬಹುದಾ ಅಂತ ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ.

ನನ್ನ ಮಗಳಿಗೆ ಥಲಸ್ಸೀಮಿಯಾ ಮೇಜರ್. ಅವಳ ದೇಹ ಬೇಕಾದಷ್ಟು ಹಿಮೋಗ್ಲೋಬಿನ್ ತಯಾರಿಸುವುದಿಲ್ಲ. ಮೂರ್ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಲೇಬೇಕು. ಒಂದು ಸಲ ಹಾಕಿಸಿದರೆ ಮುಗಿಯುವ ಕಾಯಿಲೆ ಅಲ್ಲ ಇದು. ಹುಟ್ಟಿದ ಮೊದಲ ವರ್ಷದಲ್ಲೇ ಶುರುವಾಗಿದ್ದು, ಇವತ್ತಿಗೂ ನಡೆಯುತ್ತಿದೆ. ಹಾಕಿದ ರಕ್ತದಲ್ಲಿನ ಕಬ್ಬಿಣ ಮೈಯಲ್ಲೇ ಉಳಿದು ಹೃದಯಕ್ಕೆ, ಲಿವರ್‌ಗೆ ತೊಂದರೆ ಮಾಡುತ್ತದೆ, ಅದಕ್ಕೆ ಬೇರೆ ಔಷಧಿ.

ಮೇಲೆ ಎಲ್ಲರೂ ತುರ್ತು ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲಿ ತುರ್ತು ಅನ್ನುವುದು ಕ್ಯಾಲೆಂಡರ್‌ನಲ್ಲಿ ಮೊದಲೇ ಗುರುತು ಹಾಕಿಟ್ಟ ದಿನ. ದಿನಾಂಕ ಹತ್ತಿರ ಬಂದ ಹಾಗೆ ಅವಳು ಬಿಳಿಚಿಕೊಳ್ಳುತ್ತಾಳೆ, ಮೆಟ್ಟಿಲು ಹತ್ತಿದರೆ ಏದುಸಿರು, ಓದು ಬೇಡ, ಆಟ ಬೇಡ. ರಕ್ತ ಹೋದ ಸಂಜೆ ಮಾತು ಶುರುವಾಗುತ್ತದೆ. ಮರುದಿನ ಯಾರ ಮಾತೂ ಕೇಳದೆ ಓಡಾಡುತ್ತಾಳೆ. ಆ ದಿನದ ನನ್ನ ಮಗಳು ಬೇರೆಯೇ ಹುಡುಗಿ.

ಒಂದು ಸಲ ಅವಳ ಗ್ರೂಪ್ ಸಿಗದೆ ತಡವಾಯಿತು. ನಾವು ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದೆವು. ಪ್ರತಿ ಸಲವೂ ಬೇಡುವುದಕ್ಕೆ ಆಗುವುದಿಲ್ಲ. ನೆಂಟರು ಎಷ್ಟು ಸಲ ಕೊಡುತ್ತಾರೆ? ನಮ್ಮ ಮಗುವನ್ನು ಇಷ್ಟು ವರ್ಷ ಬೆಳೆಸಿರುವುದು ನಮಗೆ ಹೆಸರೇ ಗೊತ್ತಿಲ್ಲದ ಜನ. ಬ್ಯಾಗಿನ ಮೇಲೆ ನಂಬರ್ ಇರುತ್ತದೆ, ಗ್ರೂಪ್ ಇರುತ್ತದೆ, ತೆಗೆದ ದಿನಾಂಕ ಇರುತ್ತದೆ. ಆ ದಿನಾಂಕ ನೋಡಿ ನಾನು ಯೋಚಿಸುತ್ತೇನೆ, ಆ ದಿನ ಅವರು ಏನೇನು ಕೆಲಸ ಬಿಟ್ಟು ಬಂದಿದ್ದರೋ ಅಂತ.

ನೀವು ಯಾರೋ ನನಗೆ ಗೊತ್ತಿಲ್ಲ. ನಿಮ್ಮಲ್ಲಿ ಯಾರಾದರೂ ಅವಳಿಗೆ ಕೊಟ್ಟಿರಲೂಬಹುದು. ನಿಮ್ಮೆಲ್ಲರಿಗೂ ನನ್ನ ನಮಸ್ಕಾರ.

ಮೂರನೇ ಬೆಂಚು:

ಅಮ್ಮ, ಇದನ್ನು ನಮ್ಮ ಗೆಳೆಯರ ಗುಂಪಿಗೆ ಕಳಿಸಿದೆ. ಮುಂದಿನ ಸಲ ಎಲ್ಲರೂ ಒಂದೇ ದಿನ ಹೋಗುವ ಬದಲು ತಿಂಗಳಿಗೆ ಇಬ್ಬರಂತೆ ಹಂಚಿಕೊಂಡು ಹೋಗೋಣ ಅಂತ ಮಾತಾಡ್ತಿದ್ದೇವೆ. ಟೆಕ್ನಿಷಿಯನ್ ಸರ್, ಹಾಗೆ ಮಾಡಿದರೆ ಉಪಯೋಗ ಆಗುತ್ತಾ?

ಬ್ಲಡ್‌ಬ್ಯಾಂಕ್ ಟೆಕ್ನಿಷಿಯನ್:

ತುಂಬಾ ಉಪಯೋಗ. ಹೋಗುವ ಮೊದಲು ಫೋನ್ ಮಾಡಿ ಯಾವ ಗ್ರೂಪ್ ಕಡಿಮೆ ಇದೆ ಅಂತ ಕೇಳಿ, ಆ ಗ್ರೂಪಿನವರು ಮೊದಲು ಹೋಗಿ. ಪರೀಕ್ಷೆ ಹತ್ತಿರ ಇರುವಾಗ, ರಜೆಗಳಲ್ಲಿ, ಹಬ್ಬದ ದಿನಗಳಲ್ಲಿ ದಾನಿಗಳು ಕಡಿಮೆ. ಆಗ ಬರುವ ಒಬ್ಬರು ನಮಗೆ ಬೇರೆ ದಿನದ ಹತ್ತು ಜನರಿಗೆ ಸಮ.

ಹೊಸ ಚಿಗುರು ಬರೆದಿದ್ದು:

ನಾನು ಇನ್ನೂ ಕೊಟ್ಟಿಲ್ಲ. ಕೊಡಬೇಕು ಅಂತ ಆಸೆ ಇದೆ. ಆದರೆ ಸೂಜಿ ಕಂಡರೆ ಕೈಕಾಲು ತಣ್ಣಗಾಗುತ್ತದೆ. ತಲೆ ಸುತ್ತಿ ಬಿದ್ದರೆ ಅನ್ನೋ ಹೆದರಿಕೆ. ನಿಮ್ಮಲ್ಲಿ ಯಾರಿಗಾದರೂ ಹೀಗೆ ಇತ್ತಾ?

ಒ ನೆಗೆಟಿವ್ ಬರೆದಿದ್ದು:

ನನಗೆ ಈಗಲೂ ಇದೆ. ನಾನು ಕಿಟಕಿ ಕಡೆ ನೋಡುತ್ತೇನೆ, ಅಷ್ಟೇ.

ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಬಗ್ಗೆ ಕೇಳಿದ್ದೀರಾ? 14ನೇ ವಯಸ್ಸಿನಲ್ಲಿ ಅವರಿಗೆ ಎದೆಯ ದೊಡ್ಡ ಆಪರೇಷನ್ ಆಯಿತು. ಬೇರೆಯವರ ರಕ್ತದಿಂದ ಬದುಕಿದರು. ದೊಡ್ಡವನಾದ ಮೇಲೆ ನಾನೂ ಕೊಡ್ತೀನಿ ಅಂದುಕೊಂಡರು. 18 ತುಂಬಿದ ಮೇಲೆ 1954ರಲ್ಲಿ ಶುರು ಮಾಡಿದರು. ಆಮೇಲೆ ಅವರ ಪ್ಲಾಸ್ಮಾದಲ್ಲಿ ಆ್ಯಂಟಿ-ಡಿ ಅನ್ನೋ ಅಪರೂಪದ ಪ್ರತಿಕಾಯ (ಹೊರಗಿನ ಕಣಗಳ ಮೇಲೆ ತಿರುಗಿ ಬೀಳುವ ಅಂಶ) ಜಾಸ್ತಿ ಇದೆ ಅಂತ ಗೊತ್ತಾಯಿತು. ಆರ್‌ಎಚ್ ಅಂದರೆ ಗ್ರೂಪಿನ ಜೊತೆ ಹೇಳುವ ಪಾಸಿಟಿವ್, ನೆಗೆಟಿವ್. ಆರ್‌ಎಚ್ ನೆಗೆಟಿವ್ ತಾಯಿಯ ಹೊಟ್ಟೆಯಲ್ಲಿ ಆರ್‌ಎಚ್ ಪಾಸಿಟಿವ್ ಮಗು ಇದ್ದಾಗ ತಾಯಿಯ ದೇಹ ಆ ಮಗುವಿನ ರಕ್ತಕಣಗಳ ಮೇಲೆ ತಿರುಗಿ ಬೀಳಬಹುದು. ಹಾಗೆ ಆಗದಂತೆ ತಾಯಿಗೆ ಕೊಡುವ ಇಂಜೆಕ್ಷನ್ ಆ ಪ್ರತಿಕಾಯದಿಂದಲೇ ತಯಾರಾಗುತ್ತದೆ. 2018ರಲ್ಲಿ, 81ನೇ ವಯಸ್ಸಿನಲ್ಲಿ ಅವರು ನಿಲ್ಲಿಸಿದಾಗ 1,173 ಸಲ ಕೊಟ್ಟಿದ್ದರು. 2025ರಲ್ಲಿ ತೀರಿಕೊಂಡರು.

ಇಷ್ಟು ಯಾಕೆ ಹೇಳಿದೆ ಅಂದ್ರೆ, ಅವರಿಗೂ ಸೂಜಿ ಅಂದರೆ ಆಗುತ್ತಿರಲಿಲ್ಲ. ಸೂಜಿ ಚುಚ್ಚುವಾಗ ಬೇರೆ ಕಡೆ ನೋಡುತ್ತಿದ್ದರು. ಅಷ್ಟು ಸಲ ಕೊಟ್ಟ ಮೇಲೂ ಹೆದರಿಕೆ ಹೋಗಲಿಲ್ಲ. ಹೆದರಿಕೆ ಹೋಗಲಿ ಅಂತ ಕಾಯಬೇಡಿ. ಅದನ್ನು ಜೊತೆಗೇ ಕರೆದುಕೊಂಡು ಹೋಗಿ.

ಬ್ಲಡ್‌ಬ್ಯಾಂಕ್ ಟೆಕ್ನಿಷಿಯನ್:

ಹೊಸ ಚಿಗುರು ಅವರೇ, ಹೆದರಿಕೆ ಇದೆ ಅಂತ ಅಲ್ಲಿನ ಸಿಬ್ಬಂದಿಗೆ ಮೊದಲೇ ಹೇಳಿ. ಅವರು ನಿಮ್ಮ ಪಕ್ಕ ನಿಲ್ಲುತ್ತಾರೆ, ಮಾತಾಡಿಸುತ್ತಾರೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ಕೊಡುವ ಸ್ವಲ್ಪ ಮೊದಲು ಅರ್ಧ ಲೀಟರ್ ನೀರು ಕುಡಿಯಿರಿ, ಇದರಿಂದ ತಲೆ ಸುತ್ತುವುದು ಕಡಿಮೆಯಾಗುತ್ತದೆ. ಮಲಗಿದ್ದಾಗ ತೊಡೆ, ಕಾಲಿನ ಸ್ನಾಯುಗಳನ್ನು ಬಿಗಿ ಮಾಡಿ ಬಿಡುತ್ತಾ ಇರಿ. ಅದೂ ನೆರವಾಗುತ್ತದೆ. ಮುಗಿದ ತಕ್ಷಣ ಎದ್ದು ಹೊರಡಬೇಡಿ, ಹತ್ತು ಹದಿನೈದು ನಿಮಿಷ ಕೂತಿರಿ. ಆ ದಿನ ಭಾರ ಎತ್ತುವುದು ಬೇಡ.

ತೆಗೆಯುವುದು 350 ಅಥವಾ 450 ಮಿಲಿಲೀಟರ್. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ಇರುತ್ತದೆ. ನೀರಿನ ಭಾಗ ಒಂದೆರಡು ದಿನದಲ್ಲೇ ತುಂಬಿಕೊಳ್ಳುತ್ತದೆ. ಕೆಂಪು ಕಣಗಳಿಗೆ ಕೆಲವು ವಾರ ಬೇಕು. ಕಬ್ಬಿಣದ ಅಂಶ ಮರಳಿ ತುಂಬಲು ಇನ್ನೂ ಹೆಚ್ಚು ಸಮಯ ಬೇಕು, ಅದಕ್ಕೇ ಎರಡು ದಾನಗಳ ಮಧ್ಯೆ ಇಂತಿಷ್ಟು ತಿಂಗಳು ಬಿಡಬೇಕು ಅನ್ನುವುದು.

ಕಾಡುಹೂವು ಬರೆದಿದ್ದು:

ನನ್ನದು ಬೇರೆ ಥರದ ಕಷ್ಟ. ಕೊಡುವುದಕ್ಕೆ ಅಂತ ಮೂರ್ನಾಲ್ಕು ಸಲ ಹೋಗಿದ್ದೇನೆ. ಪ್ರತಿ ಸಲ ಬೆರಳು ಚುಚ್ಚಿ ನೋಡಿ, ಹಿಮೋಗ್ಲೋಬಿನ್ ಕಡಿಮೆ ಇದೆ ಅಂತ ವಾಪಸ್ ಕಳಿಸಿದರು. ಒಂದು ಕಡೆ ಸಾಲಿನಲ್ಲಿದ್ದ ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿದರು. ಪಕ್ಕದಲ್ಲಿದ್ದವರು "ಅಯ್ಯೋ ಪಾಪ" ಅಂದರು. ಬೇಜಾರಾಯಿತು. ಈಗ ಕ್ಯಾಂಪ್ ಕಂಡರೆ ದೂರದಿಂದಲೇ ಹೋಗಿಬಿಡುತ್ತೇನೆ. ನಿಮ್ಮ ಪುಸ್ತಿಕೆಯಲ್ಲಿ ನಮ್ಮಂಥವರಿಗೆ ಜಾಗ ಇರುವುದಿಲ್ಲ ಅಂತ ಗೊತ್ತು. ಆದರೂ ಹೇಳಬೇಕು ಅನ್ನಿಸಿತು.

ಸಂಜೆಮಲ್ಲಿಗೆ:

ಜಾಗ ಇದೆ. ಇರಲೇಬೇಕು. ಬಂದವರನ್ನು ವಾಪಸ್ ಕಳಿಸುವಾಗ ಹೇಗೆ ಮಾತಾಡಬೇಕು ಅನ್ನುವುದನ್ನು ಕ್ಯಾಂಪ್ ನಡೆಸುವವರು ಕಲಿಯಬೇಕು. ಕೊಡಲು ಬಂದ ಮನಸ್ಸು ಒಂದೇ, ಬ್ಯಾಗ್ ತುಂಬಿದರೂ ತುಂಬದಿದ್ದರೂ. ನಾನು ಫೋನ್ ಮಾಡುವ ಪಟ್ಟಿಯಲ್ಲಿ ಹೀಗೆ ಒಂದು ಸಲ ವಾಪಸ್ ಹೋಗಿ ಆಮೇಲೆ ಬರದೇ ಇದ್ದವರು ತುಂಬಾ ಜನ. ಹೆಂಗಸರೇ ಜಾಸ್ತಿ. ಆಗದು ಅಂದಿದ್ದಕ್ಕಿಂತ ಅಂದ ರೀತಿಗೆ ಅವರು ಬೇಜಾರಾಗಿರುತ್ತಾರೆ.

ಬ್ಲಡ್‌ಬ್ಯಾಂಕ್ ಟೆಕ್ನಿಷಿಯನ್:

ಹಾಗೆ ಎಲ್ಲರ ಮುಂದೆ ಹೇಳಿದ್ದು ತಪ್ಪು. ಆ ಫಲಿತಾಂಶ ನಿಮ್ಮದು, ನಿಮಗೆ ಮಾತ್ರ ಹೇಳಬೇಕು.

ಮೇಡಂ, ದಾನಿಗಳನ್ನು ವಾಪಸ್ ಕಳಿಸುವುದಕ್ಕೆ ಬಹಳ ಸಾಮಾನ್ಯ ಕಾರಣ ಇದೇ, ಹಿಮೋಗ್ಲೋಬಿನ್. ಅದು ನಿಮ್ಮನ್ನು ಕಾಪಾಡಲು ಇಟ್ಟ ನಿಯಮ. ಆದರೆ ಮತ್ತೆ ಮತ್ತೆ ಕಡಿಮೆ ಬರುತ್ತಿದೆ ಅಂದರೆ ಸುಮ್ಮನಿರಬೇಡಿ. ಒಬ್ಬ ಡಾಕ್ಟರಿಗೆ ತೋರಿಸಿ, ಕಬ್ಬಿಣದ ಕೊರತೆಯಾ ಅಥವಾ ಬೇರೆ ಏನಾದರೂ ಕಾರಣವಾ ಅಂತ ಪರೀಕ್ಷೆ ಮಾಡಿಸಿ. ಸರಿಯಾದ ಮೇಲೆ ದಾನಕ್ಕೆ ಬಂದ ಎಷ್ಟೋ ಜನರನ್ನು ನಾನೇ ನೋಡಿದ್ದೇನೆ.

ಕಾಡುಹೂವು:

ತೋರಿಸುತ್ತೇನೆ ಸರ್. ಇಲ್ಲಿಯವರೆಗೆ ಯಾರೂ ಇದನ್ನು ಹೀಗೆ ಹೇಳಿರಲಿಲ್ಲ.

ಮುಕ್ತಮಾತು ಬರೆದಿದ್ದು:

ಎಲ್ಲ ಓದಿದೆ. ನನ್ನದೊಂದು ಸಲಹೆ. ದಾನಿಗಳು ಸಾಲುತ್ತಿಲ್ಲ ಅಂದರೆ ಏನಾದರೂ ಹಣ ಕೊಡಬಾರದೇಕೆ? ಅರ್ಧ ದಿನದ ಸಂಬಳ ಬಿಟ್ಟು ಬರುವವರು ಇದ್ದಾರೆ. ಪ್ರಮಾಣಪತ್ರ, ಚಪ್ಪಾಳೆ ಇಟ್ಟುಕೊಂಡು ಏನು ಮಾಡುವುದು? ನಾನು ಇದನ್ನು ಜಗಳಕ್ಕೆ ಕೇಳುತ್ತಿಲ್ಲ. ದುಡಿಯುವ ಜನರ ಹೊತ್ತಿಗೂ ಬೆಲೆ ಇದೆ ಅಂತ ನಂಬಿದವನು ನಾನು.

ನಿವೃತ್ತ ಮೇಷ್ಟ್ರು:

ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಣ ಬಂದ ಕೂಡಲೇ ಕೊಡಬಾರದವರೂ ಕೊಡಲು ಬರುತ್ತಾರೆ. ಹೊಟ್ಟೆಪಾಡಿಗಾಗಿ ತಿಂಗಳಿಗೆ ಎರಡು ಮೂರು ಸಲ ರಕ್ತ ಮಾರಿ ನವೆದು ಹೋದ ಮನುಷ್ಯರನ್ನು ನನ್ನ ಕಾಲದಲ್ಲಿ ಕಣ್ಣಾರೆ ಕಂಡಿದ್ದೇನೆ. ಅದು ಮತ್ತೆ ಬರುವುದು ಬೇಡ.

ಬ್ಲಡ್‌ಬ್ಯಾಂಕ್ ಟೆಕ್ನಿಷಿಯನ್:

ಮೇಷ್ಟ್ರ ಮಾತಿಗೆ ಸೇರಿಸುತ್ತೇನೆ. ನಮ್ಮ ಪರೀಕ್ಷೆಗಳು ಚೆನ್ನಾಗಿವೆ. ಆದರೂ ಸೋಂಕು ತಗುಲಿದ ಮೊದಲ ಕೆಲವು ದಿನ ಯಾವ ಪರೀಕ್ಷೆಗೂ ಸಿಗದ ಒಂದು ಅವಧಿ ಇರುತ್ತದೆ. ಆಗ ರೋಗಿಯನ್ನು ಕಾಯುವುದು ದಾನಿ ಫಾರ್ಮಿನಲ್ಲಿ ಬರೆದ ಪ್ರಾಮಾಣಿಕ ಉತ್ತರ. ಕೈಗೆ ಹಣ ಬರುತ್ತದೆ ಅಂದರೆ ನಿಜ ಮುಚ್ಚಿಡಲು ಒಂದು ಕಾರಣ ಹುಟ್ಟುತ್ತದೆ. 1975ರಲ್ಲೇ ವಿಶ್ವ ಆರೋಗ್ಯ ಸಭೆ ಹಣಕ್ಕಲ್ಲದ, ಸ್ವಂತ ಇಚ್ಛೆಯ ರಕ್ತದಾನವನ್ನು ಬೆಳೆಸಿ ಅಂತ ಎಲ್ಲ ದೇಶಗಳಿಗೂ ಕರೆ ಕೊಟ್ಟಿತು.

ಆದರೆ ಮುಕ್ತಮಾತು ಅವರ ಚಿಂತೆ ನನಗೂ ಇದೆ. ದಾನಿಗೆ ಬಂದುಹೋಗುವುದು ಸುಲಭ ಆಗಬೇಕು. ಕೆಲಸದಿಂದ ಕೆಲವು ಗಂಟೆ ಬಿಡುವು ಕೊಡುವುದು, ಸಂಜೆ ಹೊತ್ತು, ಭಾನುವಾರ ತೆರೆದಿಡುವುದು, ಕಾಯಿಸದೆ ಕಳಿಸುವುದು, ಇವೆಲ್ಲ ಹಣ ಕೊಡುವುದಲ್ಲ, ಆದರೆ ದಾನಿಯ ಹೊತ್ತಿಗೆ ಬೆಲೆ ಕೊಡುವುದು.

ಮುಕ್ತಮಾತು:

ಒಪ್ಪಿದೆ. ಸಂಜೆ ಹೊತ್ತು ತೆರೆದಿರಬೇಕು ಅನ್ನುವುದನ್ನು ಪುಸ್ತಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ.

ಒ ನೆಗೆಟಿವ್ ಬರೆದಿದ್ದು:

ಮೇಲೆ ನನ್ನ ಕಾರಣ ಬರೆದಿರಲಿಲ್ಲ. ಈಗ ಬರೆಯುತ್ತೇನೆ.

ನನ್ನ ಗ್ರೂಪಿನ ಕೆಂಪು ಕಣಗಳನ್ನು ಗ್ರೂಪ್ ಗೊತ್ತಿಲ್ಲದ ರೋಗಿಗೂ ತುರ್ತಿನಲ್ಲಿ ಕೊಡಬಹುದು. ಆದರೆ ನನಗೆ ಬೇಕಾದರೆ ಒ ನೆಗೆಟಿವ್ ಮಾತ್ರ ಆಗಬೇಕು. ಇದು ಗೊತ್ತಾದ ದಿನ ನನಗೆ ಸ್ವಲ್ಪ ಭಯ ಆಯಿತು. ನಾವು ಬಹಳ ಜನ ಇಲ್ಲ. ನಮ್ಮವರು ನಮ್ಮವರಿಗಾಗಿ ಇರಬೇಕು. ನಾನು ಕೊಡುವುದರಲ್ಲಿ ಸ್ವಾರ್ಥ ಇದೆ ಅಂತ ಯಾರಾದರೂ ಅಂದರೆ ಹೌದು ಅನ್ನುತ್ತೇನೆ. ನಾಳೆ ನನಗೋ ನನ್ನ ತಂಗಿಗೋ ಬೇಕಾದಾಗ ಯಾರಾದರೂ ಕೊಟ್ಟು ಇಟ್ಟಿರಲಿ ಅಂತ ಇವತ್ತು ನಾನು ಕೊಡುತ್ತೇನೆ.

ನಮಗಿಂತ ಕಷ್ಟದಲ್ಲಿ ಇರುವವರು ಬಾಂಬೆ ಗ್ರೂಪ್ ಅನ್ನೋ ಅಪರೂಪದ ರಕ್ತದ ಗುಂಪಿನವರು. 1952ರಲ್ಲಿ ವೈ. ಎಂ. ಭೆಂಡೆ ಮತ್ತು ಸಂಗಡಿಗರು ಮುಂಬೈನಲ್ಲಿ ಅದನ್ನು ಗುರುತಿಸಿದರು. ಅವರ ಕಣಗಳ ಮೇಲೆ ಎಚ್ ಅನ್ನುವ ಅಂಶವೇ ಇರುವುದಿಲ್ಲ. ಹಾಗಾಗಿ ಸಾಮಾನ್ಯ ಪರೀಕ್ಷೆಯಲ್ಲಿ ಒ ಅಂತಲೇ ಕಾಣಬಹುದು. ಆದರೆ ಒ ರಕ್ತವೂ ಅವರಿಗೆ ಆಗಿಬರುವುದಿಲ್ಲ. ಅದೇ ಗ್ರೂಪಿನವರ ರಕ್ತವೇ ಬೇಕು. ಅಂಥ ಒಬ್ಬರನ್ನು ನಾನು ಬಲ್ಲೆ. ಯಾವ ಊರಿಗೆ ಹೋದರೂ ಫೋನ್ ಆಫ್ ಮಾಡುವುದಿಲ್ಲ. ಬೇರೆ ಊರಿನ ಕರೆ ಬಂದರೆ ರಾತ್ರಿ ಬಸ್ಸು ಹತ್ತುತ್ತಾರೆ. ಯಾಕೆ ಅಂತ ಕೇಳಿದರೆ, "ನಾನು ಇಲ್ಲ ಅಂದರೆ ಅವರು ಇನ್ನು ಯಾರನ್ನು ಕೇಳ್ತಾರೆ?" ಅಂದರು.

ಎಬಿ ಪಾಸಿಟಿವ್ ಬರೆದಿದ್ದು:

ನಮ್ಮ ಗ್ರೂಪಿನ ರಕ್ತ ನಮ್ಮ ಗ್ರೂಪಿಗೆ ಮಾತ್ರ ಅಂತ ಶಾಲೆಯಲ್ಲಿ ಓದಿದ್ದೆ. ನಾನು ಕೊಟ್ಟು ಏನು ಪ್ರಯೋಜನ ಅಂತ ಸುಮ್ಮನಿದ್ದೆ. ಸರಿಯಾ?

ಬ್ಲಡ್‌ಬ್ಯಾಂಕ್ ಟೆಕ್ನಿಷಿಯನ್:

ಕೆಂಪು ಕಣಕ್ಕೆ ಆ ಮಾತು ಸರಿ. ಪ್ಲಾಸ್ಮಾದ ವಿಷಯದಲ್ಲಿ ಪೂರ್ತಿ ತಿರುಗುಮುರುಗು. ನಿಮ್ಮ ಪ್ಲಾಸ್ಮಾದಲ್ಲಿ ಎ ವಿರುದ್ಧವೂ ಬಿ ವಿರುದ್ಧವೂ ಪ್ರತಿಕಾಯ ಇರುವುದಿಲ್ಲ. ಅದನ್ನು ಯಾವ ಗ್ರೂಪಿನ ರೋಗಿಗೂ ಕೊಡಬಹುದು. ಸುಟ್ಟಗಾಯ, ದೊಡ್ಡ ಅಪಘಾತ, ರಕ್ತ ಹೆಪ್ಪುಗಟ್ಟದ ತೊಂದರೆ, ಇಂಥ ಕಡೆ ಅದು ಬೇಕಾಗುತ್ತದೆ. ಪ್ಲೇಟ್‌ಲೆಟ್ ಮಾತ್ರ ತೆಗೆಯುವ ಅಫೆರಿಸಿಸ್ ಯಂತ್ರದ ಬಗ್ಗೆಯೂ ಕೇಳಿ. ಒಂದೂವರೆ ಎರಡು ಗಂಟೆ ಹಿಡಿಯುತ್ತದೆ, ಕಣಗಳನ್ನು ಬೇರ್ಪಡಿಸಿ ಉಳಿದದ್ದನ್ನು ಮೈಗೆ ವಾಪಸ್ ಹಾಕುತ್ತಾರೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರಿಗೆ ಅದು ತುಂಬಾ ಬೇಕು. ದಯವಿಟ್ಟು ಬನ್ನಿ.

ಎಬಿ ಪಾಸಿಟಿವ್:

ಇಷ್ಟು ವರ್ಷ ಇದನ್ನು ಯಾರೂ ಹೇಳಿರಲಿಲ್ಲ ಸರ್. ವಿಚಾರಿಸುತ್ತೇನೆ.

ಓದುವ ಹುಚ್ಚು ಬರೆದಿದ್ದು:

ಯಾರೂ ಬರೆಯದ ಒಂದು ಗುಂಪು ಇದೆ, ಸಂಜೆಮಲ್ಲಿಗೆ ಅವರೇ. ನಿಮ್ಮಂಥವರು. ಕರೆ ಮಾಡುವವರು.

1921ರಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯಿಂದ ರೆಡ್ ಕ್ರಾಸ್‌ನ ಕ್ಯಾಂಬರ್‌ವೆಲ್ ಶಾಖೆಗೆ ಕರೆ ಬಂತು, ತುರ್ತಾಗಿ ರಕ್ತ ಬೇಕು ಅಂತ. ಅಲ್ಲಿನ ಕಾರ್ಯದರ್ಶಿ ಪರ್ಸಿ ಆಲಿವರ್ ಮತ್ತು ಕೆಲವರು ಹೊರಟು ಹೋದರು, ಅವರಲ್ಲಿ ಒಬ್ಬ ನರ್ಸ್ ರಕ್ತ ಕೊಟ್ಟರು. ಆಲಿವರ್ ಅಷ್ಟಕ್ಕೇ ಬಿಡಲಿಲ್ಲ. ಕರೆದಾಗ ಬರಲು ಒಪ್ಪಿದವರ ಹೆಸರು, ಗ್ರೂಪ್ ಬರೆದು ಪಟ್ಟಿ ಮಾಡಿದರು. ಅವರೂ ಅವರ ಹೆಂಡತಿ ಎಥೆಲ್ ಅವರೂ ತಮ್ಮ ಮನೆಯ ಫೋನಿನಿಂದಲೇ ಅದನ್ನು ನಡೆಸಿದರು. ಸಂಬಳವಿಲ್ಲದ ದಾನಿಗಳ ಪಟ್ಟಿ ಅನ್ನುವ ಏರ್ಪಾಡು ಬೆಳೆದಿದ್ದು ಹೀಗೆ. ಆಗ ಈಗಿನಂಥ ರಕ್ತನಿಧಿಗಳು ಇರಲಿಲ್ಲ. ಷಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಬರ್ನಾರ್ಡ್ ಫ್ಯಾಂಟಸ್ ಬ್ಲಡ್ ಬ್ಯಾಂಕ್ ಶುರು ಮಾಡಿದ್ದು 1937ರಲ್ಲಿ. ಅಲ್ಲಿಯವರೆಗೆ ಲಂಡನ್ನಿನಲ್ಲಿ ಆ ಪಟ್ಟಿಯೇ ರಕ್ತನಿಧಿ.

ಸಂಶೋಧಕರಿಗೆ ನೊಬೆಲ್ ಬಂತು, ಲ್ಯಾಂಡ್‌ಸ್ಟೈನರ್‌ಗೆ 1930ರಲ್ಲಿ. ಬರಬೇಕಾದದ್ದೇ. ಮನೆಯಲ್ಲಿ ಕೂತು ಫೋನ್ ಎತ್ತಿದ ಗಂಡಹೆಂಡತಿಯ ಹೆಸರು ಎಷ್ಟು ಜನಕ್ಕೆ ಗೊತ್ತು? ನಿಮ್ಮ ಪುಸ್ತಿಕೆಯಲ್ಲಿ ಕರೆ ಮಾಡುವವರ ಬಗ್ಗೆ ಒಂದು ಪುಟ ಇರಲಿ.

ತಾಯಿ ಒಬ್ಬಳು:

ಇದಕ್ಕೆ ನನ್ನದೂ ಒಂದು ಓಟು.

ಸಂಜೆಮಲ್ಲಿಗೆ:

ಏನು ಹೇಳಲಿ ಗೊತ್ತಾಗುತ್ತಿಲ್ಲ. ನನ್ನ ಜೊತೆ ಕೆಲಸ ಮಾಡುವ ಇನ್ನಿಬ್ಬರಿಗೆ ಇದನ್ನು ಓದಿ ಹೇಳಿದೆ. ಅವರಿಗೂ ಕಣ್ಣು ತುಂಬಿತು. ಆ ಪುಟವನ್ನು ಅವರ ಕೈಯಲ್ಲೇ ಬರೆಸುತ್ತೇನೆ.

ಈಗ ಎಲ್ಲರೂ ಕೇಳುತ್ತಿರುವ ಪ್ರಶ್ನೆ, ಆ ದಿನ ದಾನಿಗಳನ್ನು ಹೇಗೆ ಗೌರವಿಸುವುದು? ಹಾರ, ಶಾಲು, ವೇದಿಕೆ ಬೇಕಾ? ಸುಮಾರು ದಾನಿಗಳು ವೇದಿಕೆ ಅಂದರೆ ಬರುವುದೇ ಇಲ್ಲ. ನಿಮ್ಮ ಅಭಿಪ್ರಾಯ ಹೇಳಿ.

ಮೂರನೇ ಬೆಂಚು:

ನನಗೆ ವೇದಿಕೆ ಬೇಡ. ಸ್ವೀಡನ್‌ನಲ್ಲಿ ದಾನಿ ಕೊಟ್ಟ ರಕ್ತ ರೋಗಿಗೆ ಬಳಸಿದಾಗ ಅವರಿಗೆ ಒಂದು ಮೆಸೇಜ್ ಕಳಿಸುತ್ತಾರಂತೆ. ಯಾರಿಗೆ ಅಂತ ಹೇಳುವುದಿಲ್ಲ, ಉಪಯೋಗ ಆಯಿತು ಅಂತ ಅಷ್ಟೇ. ಅಂಥ ಒಂದು ಮೆಸೇಜ್ ನನಗೆ ಬಂದರೆ ಅದನ್ನು ಯಾವತ್ತೂ ಅಳಿಸುವುದಿಲ್ಲ.

ನಿವೃತ್ತ ಮೇಷ್ಟ್ರು:

ವೇದಿಕೆಯನ್ನು ಪೂರ್ತಿ ಬಿಡಬೇಡಿ. ಒಬ್ಬ ಸಾಮಾನ್ಯ ಮನುಷ್ಯ ಎಲ್ಲರ ಮುಂದೆ ನಿಂತಾಗ ಅವನ ಬೀದಿಯ ಹುಡುಗರು ನೋಡುತ್ತಾರೆ. "ಇವರು ಕೊಡ್ತಾರಾ? ಹಾಗಾದ್ರೆ ನಾನೂ ಕೊಡಬಹುದು" ಅಂತ ಒಬ್ಬನಿಗಾದರೂ ಅನ್ನಿಸುತ್ತದೆ. ಆದರೆ ಅತಿ ಹೆಚ್ಚು ಸಲ ಕೊಟ್ಟವರನ್ನು ಮಾತ್ರ ಕರೆಯಬೇಡಿ. ಲೆಕ್ಕ ಹೆಚ್ಚಿಸುವ ಪೈಪೋಟಿ ಆಗಬಾರದು. ಎರಡನೇ ಸಲ ಬಂದವರನ್ನು ಕರೆಯಿರಿ.

ಒ ನೆಗೆಟಿವ್:

ಎರಡನೇ ಸಲ ಬಂದವರು! ಇದು ನನಗೆ ತುಂಬಾ ಹಿಡಿಸಿತು ಮೇಷ್ಟ್ರೇ.

ಬ್ಲಡ್‌ಬ್ಯಾಂಕ್ ಟೆಕ್ನಿಷಿಯನ್:

ನಮಗೂ ಅವರೇ ಮುಖ್ಯ. ಒಂದು ಸಲ ಬಂದವರು ಮತ್ತೆ ಬಂದರೆ ಆಮೇಲೆ ಬರುತ್ತಲೇ ಇರುತ್ತಾರೆ ಅನ್ನುವುದು ನನ್ನ ಅನುಭವ. ಪದೇ ಪದೇ ಪರೀಕ್ಷೆಯಾದವರ ರಕ್ತ ರೋಗಿಗೂ ಹೆಚ್ಚು ಸುರಕ್ಷಿತ.

ಒಂದು ಎಚ್ಚರಿಕೆ. ಯಾರ ಹೆಸರನ್ನೂ ಫೋಟೋವನ್ನೂ ಕೇಳದೆ ಹಾಕಬೇಡಿ. ರಕ್ತನಿಧಿಯ ದಾಖಲೆ ಗುಟ್ಟಿನದು. ಕೆಲವರು ಮನೆಯಲ್ಲಿ ಹೇಳದೆ ಕೊಡುತ್ತಾರೆ. ಪಟ್ಟಿಯಲ್ಲಿ ಒಬ್ಬರ ಹೆಸರು ಈ ಸಲ ಇಲ್ಲ ಅಂದರೆ ಯಾಕೆ ಇಲ್ಲ ಅಂತ ನೆರೆಹೊರೆಯವರು ಊಹೆ ಮಾಡುವ ಹಾಗೂ ಆಗಬಾರದು.

ಸಂಜೆಮಲ್ಲಿಗೆ:

ಸರಿ, ಹೀಗೆ ಮಾಡೋಣ. ಪುಸ್ತಿಕೆಯಲ್ಲಿ ಹೆಸರು ಬೇಕು ಅಂದವರದ್ದು ಹೆಸರಿನೊಂದಿಗೆ, ಬೇಡ ಅಂದವರದ್ದು ಬರೀ ಮಾತು. ಕಾರ್ಯಕ್ರಮದಲ್ಲಿ ಎರಡನೇ ಸಲ ಬಂದವರಿಗೆ, ಅವರು ಒಪ್ಪಿದರೆ ಮಾತ್ರ, ಕರೆ. ವಯಸ್ಸು ಮೀರಿ ನಿಲ್ಲಿಸಿದವರಿಗೆ ಮುಂದಿನ ಸಾಲು. ಕೊಡಲು ಬಂದು ವಾಪಸ್ ಹೋದವರ ಬಗ್ಗೆ ಕಾಡುಹೂವು ಅವರು ಬರೆಯುತ್ತಾರೆ ಅಂತ ಆಸೆ. ರಕ್ತ ಬಳಸಿದಾಗ ಮೆಸೇಜ್ ಕಳಿಸುವ ವಿಷಯವನ್ನು ರಕ್ತನಿಧಿಯವರ ಹತ್ತಿರ ನಾನು ಮಾತಾಡುತ್ತೇನೆ. ಸಂಜೆ ಹೊತ್ತು ತೆರೆದಿಡುವ ಮಾತನ್ನೂ ಅಲ್ಲೇ ಎತ್ತುತ್ತೇನೆ.

ಕಾಡುಹೂವು:

ಬರೆಯುತ್ತೇನೆ. ಹೆಸರು ಹಾಕಿದರೂ ಪರವಾಗಿಲ್ಲ.

ಹೊಸ ಚಿಗುರು:

ಒಂದು ಪ್ರಶ್ನೆ. ನಾನು ಜೂನ್ 14ರಂದೇ ಮೊದಲ ಸಲ ಕೊಡೋಣ ಅಂದುಕೊಂಡೆ. ಅವತ್ತು ಜನ ಜಾಸ್ತಿ ಇರ್ತಾರೆ ಅಲ್ವಾ? ಬೇರೆ ದಿನ ಹೋಗಲಾ?

ಬ್ಲಡ್‌ಬ್ಯಾಂಕ್ ಟೆಕ್ನಿಷಿಯನ್:

ಮೊದಲ ಸಲಕ್ಕೆ ಜನ ಕಡಿಮೆ ಇರುವ ದಿನವೇ ಒಳ್ಳೆಯದು. ಸಿಬ್ಬಂದಿಗೆ ನಿಮ್ಮ ಜೊತೆ ಮಾತಾಡಲು ಬಿಡುವು ಇರುತ್ತದೆ. ಜೂನ್ ಕೊನೆಯ ವಾರ ಒಂದು ಬೆಳಗ್ಗೆ, ತಿಂಡಿ ತಿಂದು ಹೋಗಿ. ಗುರುತಿನ ಚೀಟಿ ಇರಲಿ. ಯಾವುದಾದರೂ ಮಾತ್ರೆ ತಗೊಳ್ತಿದ್ದರೆ ಅದರ ಹೆಸರು ಬರೆದುಕೊಂಡು ಹೋಗಿ, ಫಾರ್ಮಿನಲ್ಲಿ ಕೇಳುತ್ತಾರೆ.

ಒ ನೆಗೆಟಿವ್:

ಒಬ್ಬರೇ ಹೋಗಲು ಹಿಂಜರಿಕೆ ಆದರೆ ಇಲ್ಲೇ ಹೇಳಿ. ನನ್ನ ಸರದಿಯೂ ಆ ವಾರವೇ ಬರುತ್ತದೆ.